ಹೊಗೆ ಹೋದ ದಿಕ್ಕು

ಕೃಷ್ಣೆಗೂ ಭೀಮೆಗೂ ನಡುವಿನ ಸುರಪುರ ಸೀಮೆಯಲ್ಲಿ ಹುಣಸಗಿಯ ಬಯಲು ಬೋಗುಣಿಯಂತೆ ತಗ್ಗಿ ಕೂತಿದೆ. ಸುತ್ತ ಸುಣ್ಣಗಲ್ಲು, ಪದರಗಲ್ಲು, ಗ್ರಾನೈಟಿನ ಕಿರುಗುಡ್ಡಗಳ ಅಂಚು. ನಡುವೆ ಹಳ್ಳ, ಒರತೆ, ಎರೆಹೊಲ. ಪಕ್ಕದ ಬೈಚಬಾಳದ ಬಯಲೂ ಇದರ ಜೋಡಿಯೇ. ಇಲ್ಲಿನ ಇಸಾಂಪುರದಲ್ಲಿ ಆದಿಮಾನವರು ಸುಣ್ಣಗಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡಿಕೊಂಡದ್ದು ಸುಮಾರು 12 ಲಕ್ಷ ವರ್ಷಗಳ ಹಿಂದೆ ಎಂದು ಕಾಲನಿರ್ಣಯ ಹೇಳುತ್ತದೆ. ಆ ಮನುಷ್ಯನಿಗೆ ಊರಿರಲಿಲ್ಲ. ಊರಿಲ್ಲದವನಿಗೆ ಕೆಟ್ಟ ಗಾಳಿ ದೊಡ್ಡ ಸಂಗತಿಯಲ್ಲ. ಕಣ್ಣು ಉರಿದರೆ ಎದ್ದು ಆಚೆ ಹೋದರಾಯಿತು. ಹೊಗೆ ಚಿಂತೆಯ ವಿಷಯವಾದದ್ದು ಜನ ಒಂದೆಡೆ ನೆಲೆನಿಂತ ಮೇಲೆ. ಆ ಕಥೆಯ ಮೊದಲ ಅಧ್ಯಾಯವೂ ಇದೇ ಸೀಮೆಯ ಮಣ್ಣಿನಲ್ಲಿದೆ.

ಇಂದಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ನಾಡಿಗೆ ದನಗಾರರು ಒಡೆಯರಾಗಿದ್ದರು. ಕಬ್ಬಿಣ ಇನ್ನೂ ಬಂದಿರಲಿಲ್ಲ. ನಯಗೊಳಿಸಿದ ಕಲ್ಲುಕೊಡಲಿ, ಬೂದುಬಣ್ಣದ ಕೈಮಡಕೆ, ಚಕಮಕಿಕಲ್ಲಿನ ಅಲಗು ಅವರ ಆಸ್ತಿ. ಅದಕ್ಕಿಂತ ದೊಡ್ಡ ಆಸ್ತಿ ಗೂಳಿ, ಆಕಳು, ಕರು. ಸಾವಿರಾರು ವರ್ಷ ಮಳೆ ಗಾಳಿಗೆ ಸವೆದ ಮೇಲೂ ಅವರು ನಮಗೆ ಬಿಟ್ಟುಹೋದ ಹೆಗ್ಗುರುತು ಬೂದಿಯ ದಿಬ್ಬಗಳು. ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿಯೂ ಆಚೆಯ ತೆಲಂಗಾಣ, ಆಂಧ್ರದ ಗಡಿಯಲ್ಲಿಯೂ ಇಂಥವು ನೂರಕ್ಕೂ ಹೆಚ್ಚು ಸಿಕ್ಕಿವೆ. ಹುಣಸಗಿಯ ಮಗ್ಗುಲಲ್ಲೇ ಎರಡು ಹೆಸರಾದವು: ಕೊಡೇಕಲ್ಲ ಮತ್ತು ಬೂದಿಹಾಳ. ಕೊಡೇಕಲ್ಲ ಎಂದರೆ ಜನರಿಗೆ ಮೊದಲು ನೆನಪಾಗುವವನು ಕಾಲಜ್ಞಾನದ ಬಸವಣ್ಣ. ಮುಂದೆ ಬರುವುದನ್ನು ನುಡಿದ ಅವನ ಊರಿನಲ್ಲಿ ಹಿಂದೆ ನಡೆದುದರ ಸಾಕ್ಷಿ ಅವನಿಗಿಂತ ಮೂರು ಸಾವಿರ ವರ್ಷಕ್ಕೂ ಮೊದಲೇ ಗುಡ್ಡೆಯಾಗಿ ಬಿದ್ದಿತ್ತು.

ಈ ದಿಬ್ಬಗಳ ಬಗ್ಗೆ ಜನ ಆಡಿದ ಮಾತಿಗೆ ಲೆಕ್ಕವಿಲ್ಲ. ಹಂಪಿಯ ಬಳಿ ನಿಂಬಾಪುರದ ಬೂದಿಯನ್ನು ವಾಲಿಯನ್ನು ಸುಟ್ಟ ಬೂದಿ ಎಂದರು. ಇನ್ನು ಕೆಲವೆಡೆ ರಾಕ್ಷಸರ ಎಲುಬಿನ ಬೂದಿ ಎಂದರು. ಹತ್ತೊಂಬತ್ತನೇ ಶತಮಾನದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಬಳ್ಳಾರಿ ಕಡೆಯ ದಿಬ್ಬಗಳನ್ನು ಕಂಡು ಬರೆದ. ಮುಂದೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸಗಣಿ ಎಂದು ಕಂಡುಕೊಂಡ. ರಾಕ್ಷಸರಿಂದ ಸಗಣಿಗೆ ಇಳಿದದ್ದು ಕಥೆಯ ದೃಷ್ಟಿಯಿಂದ ನಷ್ಟವೆಂದು ಕೆಲವರಿಗೆ ತೋರಬಹುದು, ನನಗೆ ಹಾಗನ್ನಿಸುವುದಿಲ್ಲ. 1957ರಲ್ಲಿ ರೇಮಂಡ್ ಆಲ್ಚಿನ್ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತು ಸಿಕ್ಕವು. ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ ಸಿಕ್ಕವು. ಸಂಜೆ ಅಡವಿಯಿಂದ ಮರಳಿದ ಮಂದೆಯ ಕಾಲಿನ ಅಚ್ಚು ನಾಲ್ಕು ಸಾವಿರ ವರ್ಷ ಉಳಿದಿತ್ತು. ಯಾವ ರಾಕ್ಷಸನೂ ಇಷ್ಟು ನಿಚ್ಚಳವಾದ ಹೆಜ್ಜೆ ಇಟ್ಟು ಹೋದವನಲ್ಲ.

ಸುರಪುರ ಸೀಮೆಯ ಹೊಸಶಿಲಾಯುಗವನ್ನು ಜೀವಮಾನದ ಕೆಲಸವಾಗಿ ಹಿಡಿದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. 1960ರ ದಶಕದಲ್ಲಿ ಕೊಡೇಕಲ್ಲದ ದಿಬ್ಬವನ್ನು ಅಗೆಸಿದರು. 1990ರ ದಶಕದಲ್ಲಿ ಬೂದಿಹಾಳಕ್ಕೆ ಬಂದು ವರ್ಷ ವರ್ಷವೂ ಅಗೆಸಿದರು. ಅಲ್ಲಿಯವರೆಗೆ ವಿದ್ವಾಂಸರ ಕಣ್ಣು ದಿಬ್ಬದ ಮೇಲೆಯೇ ನೆಟ್ಟಿತ್ತು. ಪದ್ದಯ್ಯನವರು ದಿಬ್ಬದ ಸುತ್ತಲ ನೆಲವನ್ನೂ ಅಗಲವಾಗಿ ತೆರೆದರು. ಆಗ ಕಂಡದ್ದು ಒಂದು ಊರಿನ ನಕ್ಷೆ.

ಆ ನಕ್ಷೆಯನ್ನು ಈಗ ನಿಧಾನವಾಗಿ ನೋಡಬೇಕು. ಊರಿನ ಮುಖ್ಯ ಜಾಗ ದನದ ದೊಡ್ಡಿಯದು. ಅದರಲ್ಲಿ ಸಗಣಿ, ಗಂಜಲ, ತುಳಿದ ಮಣ್ಣು ಪದರ ಪದರವಾಗಿ ಗಟ್ಟಿಯಾಗಿವೆ. ದೊಡ್ಡಿಗೆ ತಾಗಿದಂತೆ ಸಗಣಿ ಗುಡ್ಡೆ ಹಾಕಿ ಆಗಾಗ ಬೆಂಕಿ ಕೊಟ್ಟ ಜಾಗ. ಬೂದಿದಿಬ್ಬ ಬೆಳೆದದ್ದು ಅಲ್ಲಿ. ಅದರ ಮಗ್ಗುಲಿಗೆ ಮನೆಗಳು: ತಳಕ್ಕೆ ಕಲ್ಲುಗುಂಡು ಇಟ್ಟು, ತಟ್ಟಿ ಕಟ್ಟಿ, ಮಣ್ಣು ಮೆತ್ತಿದ ಗುಡಿಸಲುಗಳು. ಸತ್ತ ಕೂಸುಗಳನ್ನು ಮಡಕೆಯಲ್ಲಿಟ್ಟು ಆ ಮನೆಗಳ ನಡುವೆಯೇ ಹೂಳಿದ್ದಾರೆ. ಒಂದೆಡೆ ಚಕಮಕಿಕಲ್ಲು ಸೀಳಿ ಅಲಗು ಮಾಡುವ ಕಮ್ಮಟ. ಮತ್ತೊಂದೆಡೆ ದನ ಕಡಿದು ಮಾಂಸ ಹಂಚಿದ ನೆಲ, ಅದರ ತುಂಬ ಎಲುಬು ಮತ್ತು ಕಲ್ಲಿನ ಕತ್ತಿಗಳು. ತೊಟ್ಟಿಲಿನಿಂದ ಗೋರಿಯವರೆಗೆ ಎಲ್ಲವೂ ಉರಿಯುವ ಗುಡ್ಡೆಯಿಂದ ಕೂಗಳತೆಯಲ್ಲಿತ್ತು.

ಇಷ್ಟು ಹತ್ತಿರ ಏಕೆ? ದನ ದೊಡ್ಡಿಯಲ್ಲಿರಬೇಕು, ಹುಲಿ ಚಿರತೆ ಬಂದರೆ ಕೇಳಿಸುವಷ್ಟು ಹತ್ತಿರ ಮನುಷ್ಯ ಮಲಗಬೇಕು. ದೊಡ್ಡಿಯಿದ್ದಲ್ಲಿ ಸಗಣಿ ಬೀಳುತ್ತದೆ. ಮಳೆಗಾಲದಲ್ಲಿ ಅದು ಕೆಸರಾಗಿ, ನೊಣ ಹುಳು ಹುಟ್ಟಿ, ಗೊರಸಿಗೆ ಹುಣ್ಣು ತರುತ್ತದೆ. ಬಾಚಿ ಒಂದೆಡೆ ಹಾಕಿದರೆ ತಿಪ್ಪೆ. ತಿಪ್ಪೆ ಬೆಳೆದರೆ ಬೆಂಕಿ. ಬೂದಿಹಾಳದ ಬೆಂಕಿಗೆ ಚೊಕ್ಕಟತನವೂ ಒಂದು ಕಾರಣವಾಗಿತ್ತು ಎಂಬುದು ಪದ್ದಯ್ಯನವರ ಒಲವು. ಆಲ್ಚಿನ್ ಮಾತ್ರ ಇಂಥ ದಿಬ್ಬಗಳಲ್ಲಿ ಹಬ್ಬದ ಬೆಂಕಿಯನ್ನು ಕಂಡಿದ್ದರು. ಸಂಕ್ರಾಂತಿಯಲ್ಲಿ ಮಂಡ್ಯದ ಕಡೆ ದನಗಳಿಗೆ ಕಿಚ್ಚು ಹಾಯಿಸುವುದು, ನಮ್ಮ ಕಡೆ ಹೋಳಿಯಲ್ಲಿ ಹುಡುಗರು ಹಿತ್ತಿಲಿನ ಕುಳ್ಳು ಕದ್ದು ತಂದು ಕಾಮಣ್ಣನನ್ನು ಸುಡುವುದು ಇವೆಲ್ಲ ಆ ಪುರಾತನ ಬೆಂಕಿಯ ಮರಿಗಳು ಎಂಬಂಥ ಊಹೆ ಅವರದು. ಎರಡೂ ನಿಜವಿರಬಹುದು. ಕಸ ಸುಡುವ ದಿನವನ್ನೇ ಹಬ್ಬ ಮಾಡಿಕೊಳ್ಳುವಷ್ಟು ಜಾಣರು ನಮ್ಮ ಹಿರಿಯರು.

ಸಗಣಿಯ ಬೆಂಕಿ ಧಗಧಗ ಉರಿಯುವ ಬೆಂಕಿಯಲ್ಲ. ಅದು ಒಳಗೊಳಗೆ ಕನಲುತ್ತದೆ, ದಿನಗಟ್ಟಲೆ ಹೊಗೆಯಾಡುತ್ತದೆ. ಸುಡುಗಾಳಿ ಬೀಸುವ ಬೇಸಿಗೆ ಮಧ್ಯಾಹ್ನ ಆ ಹೊಗೆ ಮೇಲೆದ್ದು ಹಾರಿಹೋಗಬಹುದು. ಆದರೆ ಮಾಗಿಯ ರಾತ್ರಿಗಳಲ್ಲಿ ಗುಡ್ಡದ ತಂಪು ಗಾಳಿ ಜಾರಿ ಬಂದು ತಗ್ಗಿನ ಬಯಲಲ್ಲಿ ನಿಲ್ಲುತ್ತದೆ. ಮೇಲಿನ ಗಾಳಿ ಬೆಚ್ಚಗೆ, ಕೆಳಗಿನದು ತಣ್ಣಗೆ. ಆಗ ಹೊಗೆ ಏರಲಾರದೆ ಆಳೆತ್ತರದಲ್ಲೇ ಹಾಸಿಕೊಳ್ಳುತ್ತದೆ. ಹುಣಸಗಿಯ ಬಯಲಿನಂಥ ತಗ್ಗಿನಲ್ಲಿ ಸೂರ್ಯ ಮೇಲೆ ಬಂದು ನೆಲ ಕಾಯುವವರೆಗೆ ಅದು ಕದಲುವುದಿಲ್ಲ. ಕೂಸಿನ ಎದೆಗೂ ಮುದುಕರ ಉಸಿರಿಗೂ ಅದು ಏನು ಮಾಡುತ್ತಿತ್ತು ಎಂಬುದನ್ನು ಹೇಳಲು ವೈದ್ಯರು ಬೇಕಿಲ್ಲ. ಲಾಭವೂ ಇತ್ತು. ಹೊಗೆ ಸೊಳ್ಳೆ ನೊಣಗಳನ್ನು ದೂರವಿಡುತ್ತದೆ. ದಕ್ಷಿಣ ಸುಡಾನಿನ ದಿಂಕಾ ದನಗಾರರು ಇಂದಿಗೂ ಸಂಜೆಯಾಗುತ್ತಲೇ ಮಂದೆಯ ನಡುವೆ ಸಗಣಿಗೆ ಬೆಂಕಿ ಹಾಕಿ, ದನಗಳೊಂದಿಗೆ ತಾವೂ ಆ ಹೊಗೆಯಲ್ಲಿ ಮಲಗುತ್ತಾರೆ. ಬೂದಿಹಾಳದವರಿಗೆ ಹೊಗೆ ಶತ್ರುವೂ ಹೌದು, ಕಾವಲುಗಾರನೂ ಹೌದು.

ತಲೆಮಾರು ಕಳೆದಂತೆ ಇನ್ನೊಂದು ಸಂಗತಿ ನಡೆಯಿತು. ಗಾಳಿಗೆ ಹೋದದ್ದು ಹೋಯಿತು, ಉಳಿದ ಬೂದಿ ನೆಲವಾಯಿತು. ಮೊದಲು ದೊಡ್ಡಿ ಎಲ್ಲಿತ್ತೋ ಅಲ್ಲಿ ಬೆಂಕಿ ಬಿತ್ತು. ಆಮೇಲೆ ದಿಬ್ಬ ಎಲ್ಲಿತ್ತೋ ಅದನ್ನು ಬಳಸಿ ದಾರಿ, ಬೇಲಿ, ಮನೆ ಎದ್ದವು. ಬೂದಿಹಾಳದ ದಿಬ್ಬದಲ್ಲಿ ಇಂಥ ಬೂದಿಯ ರಾಶಿ ಸುಮಾರು ಮೂರು ಮೀಟರ್ ದಪ್ಪ. ಹಟ್ಟಿಯ ವಿನ್ಯಾಸ ಹೊಗೆಯ ಜಾಗ ಗೊತ್ತುಮಾಡಿತು, ಹೊಗೆ ಬಿಟ್ಟುಹೋದ ಬೂದಿ ಮುಂದಿನ ತಲೆಮಾರಿನ ಹಟ್ಟಿಯ ವಿನ್ಯಾಸ ಗೊತ್ತುಮಾಡಿತು. ನಗರಗಳ ಚರಿತ್ರೆ ಬರೆಯುವವರು ಲಂಡನ್ನಿನಿಂದ ಶುರುಮಾಡುವುದುಂಟು. ಹುಣಸಗಿಯಿಂದ ಶುರುಮಾಡಿದರೂ ತಪ್ಪಿಲ್ಲ. ಬೂದಿಹಾಳದ ಬಗ್ಗೆ ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅಲ್ಲಿ ಹೊಗೆ ಯಾರೊಬ್ಬರ ಪಾಲೂ ಆಗಿರಲಿಲ್ಲ. ಗುಡ್ಡೆಗೆ ಬೆಂಕಿ ಇಟ್ಟವನ ಮನೆಯೂ ಅದರ ಮಗ್ಗುಲಲ್ಲೇ ಇತ್ತು.

ದನಗಾರರ ಕಾಲ ಮುಗಿಯಿತು. ಕಬ್ಬಿಣ ಬಂತು. ರಾಜನಕೋಳೂರಿನ ಬಯಲಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಗೋರಿಮನೆ ಕಟ್ಟುವವರು ಬಂದರು; ಊರವರು ಇಂಥವನ್ನು ಮೋರ್ಯರ ಮನೆ ಎನ್ನುತ್ತಾರೆ. ಕಬ್ಬಿಣದೊಂದಿಗೆ ಕುಲುಮೆ, ಕುಲುಮೆಯೊಂದಿಗೆ ಇದ್ದಲು, ಇದ್ದಲಿನೊಂದಿಗೆ ಹೊಸ ಬಗೆಯ ಹೊಗೆ. ಮೆಲ್ಲಗೆ ಒಂದೊಂದು ಕಸುಬಿಗೆ ಒಂದೊಂದು ಜನ, ಒಂದೊಂದು ಜನಕ್ಕೆ ಒಂದೊಂದು ಕೇರಿ ಗೊತ್ತಾಯಿತು.

ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಕಟ್ಟಳೆ ಇದೆ. ಬೆಂಕಿಯಿಂದ ಬದುಕುವ ಕಸುಬಿನವರನ್ನೆಲ್ಲ ಒಂದೇ ಕಡೆ ಇರಿಸಬೇಕು ಎನ್ನುತ್ತಾನೆ ಅವನು. ಹುಲ್ಲುಮಾಡಿನ ಊರಿಗೆ ಕಿಡಿ ಹಾರೀತೆಂಬ ಭಯ ಅದಕ್ಕೆ ಕಾರಣ. ಬೀದಿಗೆ ಕಸ ಸುರಿದವನಿಗೆ ದಂಡವನ್ನೂ ಹೇಳುತ್ತಾನೆ. ಅದೇ ಪುಸ್ತಕ ಚಂಡಾಲರನ್ನು ಸ್ಮಶಾನದ ಅಂಚಿಗೆ ತಳ್ಳುತ್ತದೆ. ಊರಿನ ನಕ್ಷೆ ಬರೆಯುವ ಕೈಗೆ ಕೆಟ್ಟ ಗಾಳಿಯನ್ನು ಯಾರ ಮನೆಯ ಮೇಲೆ ಹಾಯಿಸಬೇಕೆಂಬ ಅಧಿಕಾರ ಬಂದದ್ದು ಹೀಗೆ.

ಸುರಪುರ ಸೀಮೆಯ ಹಳೆಯ ಊರುಗಳ ಮಾಟವನ್ನು ಬಲ್ಲವರಿಗೆ ಇದು ಹೊಸದಲ್ಲ. ಊರಗೋಡೆ, ಅಗಸೆ, ನಡುವೆ ಹುಡೇವು, ಗೌಡರ ವಾಡೆ, ಗುಡಿ. ಮಾಳಿಗೆ ಮನೆಗಳು ಒಂದಕ್ಕೊಂದು ಗೋಡೆ ಹಚ್ಚಿ ನಿಂತಿರುತ್ತವೆ. ಬಿಸಿಲಿನ ಹೊಡೆತಕ್ಕೂ ದರೋಡೆಗೂ ಅದೇ ಮದ್ದು. ಅಡುಗೆಮನೆಯ ಹೊಗೆಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಒಳಗೆ ಜಂತಿ ತೊಲೆಗಳೆಲ್ಲ ಮಸಿ ಹಿಡಿದು ಕರ್ರಗೆ ಹೊಳೆಯುತ್ತಿರುತ್ತವೆ. ಹೊಗೆ ಹಿಡಿದ ತೊಲೆಗೆ ಗೆದ್ದಲು ತಟ್ಟುವುದಿಲ್ಲ ಎಂಬುದು ಮನೆಗೆ ಸಮಾಧಾನ. ಒಲೆಯ ಮುಂದೆ ಕೂತವಳ ಕಣ್ಣು ಎದೆಗಳ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿದದ್ದಿಲ್ಲ. ಕುಂಬಾರರ ಆವಿಗೆ, ಸುಣ್ಣದ ಭಟ್ಟಿ ಊರ ಹೊರಗೆ. ತೊಗಲು ಹದಮಾಡುವವರ ಕೇರಿ ಇನ್ನೂ ಆಚೆ. ದಖ್ಖನ್ನಿನ ಅನೇಕ ಹಳ್ಳಿಗಳಲ್ಲಿ ಆ ಕೇರಿ ಬಿದ್ದದ್ದು ಮೂಡಲಿಗೆ. ಇಲ್ಲಿ ಮಳೆಗಾಲದ ನಾಲ್ಕು ತಿಂಗಳು ಗಾಳಿ ಪಡುವಣದಿಂದ ಬೀಸುತ್ತದೆ, ಹೊಳೆಯೂ ಪಡುವಣದಿಂದ ಹರಿಯುತ್ತದೆ. ಊರು ಉಸಿರಾಡಿ ಬಿಟ್ಟ ಗಾಳಿ, ಊರು ತೊಳೆದು ಬಿಟ್ಟ ನೀರು, ಎರಡೂ ಕೊನೆಗೆ ಹೋಗಿ ಮುಟ್ಟುತ್ತಿದ್ದದ್ದು ಆ ಕೇರಿಯನ್ನು. ಇದೇ ಸೀಮೆಯ ಮುದನೂರಿನವನು ಜೇಡರ ದಾಸಿಮಯ್ಯ. ನೆಲ, ಬೆಳೆ, ಗಾಳಿ ಎಲ್ಲವೂ ದೇವರು ಕೊಟ್ಟದ್ದೆಂದು ನಂಬಿದ ನೇಯ್ಗೆಯವನು. ದೇವರು ಸಮನಾಗಿ ಕೊಟ್ಟ ಗಾಳಿಯನ್ನು ಊರಿನ ನಕ್ಷೆ ಪಾಲು ಮಾಡಿ ಹಂಚಿತ್ತು.

ಇಂಗ್ಲೆಂಡಿನಲ್ಲೂ ನಡೆದದ್ದು ಇದೇ. 1661ರಲ್ಲಿ ಜಾನ್ ಎವೆಲಿನ್ ಲಂಡನ್ನಿನ ಕಲ್ಲಿದ್ದಲ ಹೊಗೆಯ ಮೇಲೆ ಒಂದು ಪುಸ್ತಿಕೆ ಬರೆದು ದೊರೆಗೆ ಒಪ್ಪಿಸಿದ. ಸುಣ್ಣ ಸುಡುವವರು, ಸಾಬೂನು ಬೇಯಿಸುವವರು ಮೊದಲಾದವರನ್ನು ಥೇಮ್ಸ್ ನದಿಯ ಕೆಳಗಡೆಗೆ ಸಾಗಿಸಿ, ನಗರದ ಸುತ್ತ ಪರಿಮಳದ ಗಿಡ ಬೆಳೆಸಬೇಕೆಂಬುದು ಅವನ ಸಲಹೆ. ದೊರೆ ಮೆಚ್ಚಿದ, ಆದರೆ ಏನನ್ನೂ ಮಾಡಲಿಲ್ಲ. ಕಾನೂನು ಮಾಡದಿದ್ದುದನ್ನು ಮುಂದೆ ಬಾಡಿಗೆ ಮಾಡಿತು: ಪಡುವಣ ಗಾಳಿಯ ಊರಿನಲ್ಲಿ ಸಿರಿವಂತರು ಪಡುವಣಕ್ಕೆ, ಬಡವರು ಮೂಡಲಿಗೆ.

ಈ ನಡುವೆ ಸುರಪುರ ಸೀಮೆ ಒಂದು ವಿಚಿತ್ರ ನಗರವನ್ನು ಕಂಡಿತು. ಅದು ನಡೆದು ಬಂದ ನಗರ. 1705ರ ಆರಂಭದಲ್ಲಿ ಬಾದಶಹ ಔರಂಗಜೇಬ್ ತಾನೇ ದಂಡೆತ್ತಿ ಬಂದು ಬೇಡರ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅವನು ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ತಿಂಗಳುಗಟ್ಟಲೆ ಫಿರಂಗಿ ಸಿಡಿದ ಮೇಲೆ ಕೋಟೆ ಬಿತ್ತು, ಆದರೆ ನಾಯಕ ಸಿಕ್ಕಲಿಲ್ಲ. ರಾತ್ರಿಯ ಮರೆಯಲ್ಲಿ ತನ್ನವರೊಂದಿಗೆ ಜಾರಿಹೋಗಿದ್ದ. ಗೆದ್ದು ಸೋತ ಮುದುಕ ಬಾದಶಹ ಹತ್ತಿರದ ದೇವಾಪುರದಲ್ಲಿ ಬೀಡು ಬಿಟ್ಟು ಕಾಯಿಲೆ ಮಲಗಿದ, ತಿಂಗಳುಗಳ ಕಾಲ ಅಲ್ಲಿಂದ ಕದಲಲಿಲ್ಲ.

ಮೊಗಲರ ಬೀಡು ಎಂದರೆ ಡೇರೆಗಳ ಗುಂಪು ಎಂದು ತಿಳಿಯಬಾರದು. 1695ರಲ್ಲಿ ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಇದೇ ಬಾದಶಹನ ಬೀಡನ್ನು ಕಂಡ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಅದರ ಸುತ್ತಳತೆ 30 ಮೈಲಿ, ಒಳಗೆ 250 ಬಜಾರು ಎಂದು ಬರೆದಿದ್ದಾನೆ. ಯಾರ ಡೇರೆ ಎಲ್ಲಿ, ಯಾವ ಬಜಾರು ಯಾವ ಸಾಲಿನಲ್ಲಿ ಎಂಬುದು ಅಕ್ಬರನ ಕಾಲದಿಂದಲೇ ಕಟ್ಟುನಿಟ್ಟು. ನಟ್ಟನಡುವೆ ಬಾದಶಹನ ಕೆಂಪು ಕನಾತಿನ ಆವರಣ, ಸುತ್ತ ಖಾಲಿ ಮೈದಾನ, ಅದರಾಚೆ ಅಮೀರರು, ಅದರಾಚೆ ಸಿಪಾಯಿಗಳು, ಕೊನೆಗೆ ಕೂಲಿಗಳು, ಎತ್ತು, ಒಂಟೆ. ಈ ನಗರ ಅಡುಗೆ ಮಾಡುವಾಗ ಏನಾಗುತ್ತಿತ್ತು ಎಂಬುದನ್ನು ಫ್ರೆಂಚ್ ವೈದ್ಯ ಬರ್ನಿಯೇ ದೇವಾಪುರದ ಬೀಡಿಗೂ ನಲವತ್ತು ವರ್ಷ ಮೊದಲೇ, ಕಾಶ್ಮೀರದ ದಾರಿಯಲ್ಲಿ ಔರಂಗಜೇಬನ ಬೀಡಿನೊಂದಿಗೆ ನಡೆಯುತ್ತ ಬರೆದಿಟ್ಟಿದ್ದಾನೆ. ಹಸಿ ಕಟ್ಟಿಗೆ, ಒಂಟೆ ಲದ್ದಿ, ಸಗಣಿಯ ಒಲೆಗಳೆಲ್ಲ ಒಮ್ಮೆಗೆ ಹೊತ್ತಿ, ಗಾಳಿಯಿಲ್ಲದ ಸಂಜೆಗಳಲ್ಲಿ ಹೊಗೆ ಕವಿದು ಜನ ತಮ್ಮ ಡೇರೆಯ ದಾರಿಯನ್ನೇ ತಪ್ಪುತ್ತಿದ್ದರಂತೆ. ಅದಕ್ಕೆಂದೇ ಬಾದಶಹನ ಆವರಣದ ಬಳಿ ಹಡಗಿನ ಪಟಗಂಬದಂಥ ಎತ್ತರದ ಕಂಬದ ತುದಿಗೆ ಆಕಾಶದೀಪ ಕಟ್ಟುತ್ತಿದ್ದರು. ಹೊಗೆಯ ಮೇಲೆ ಅದೊಂದೇ ಕಾಣುತ್ತಿತ್ತು. ಅರಮನೆಯ ಸುತ್ತಲ ಖಾಲಿ ಮೈದಾನ ಮರ್ಯಾದೆಗಾಗಿ ಬಿಟ್ಟದ್ದು ಎಂಬುದು ದರ್ಬಾರಿನ ಮಾತು. ಆ ಮೈದಾನ ಅಷ್ಟಿಷ್ಟು ಹೊಗೆಯನ್ನೂ ದೂರವಿಡುತ್ತಿತ್ತೆಂಬುದನ್ನು ಬರೆಯಲು ದರ್ಬಾರಿನ ಲೇಖಕರಿಗೆ ತೋಚಿರಲಿಕ್ಕಿಲ್ಲ. ಆ ನಗರಕ್ಕೆ ಬೇರೆ ಊರುಗಳಿಗಿಲ್ಲದ ಒಂದು ಸೌಕರ್ಯವೂ ಇತ್ತು: ಗಾಳಿ ನೀರು ಕೆಟ್ಟರೆ ಕಿತ್ತು ಮುಂದೆ ನಡೆಯುತ್ತಿತ್ತು, ಹೊಲಸು ನೆಲದವರಿಗೆ ಉಳಿಯುತ್ತಿತ್ತು.

ವಾಗಣಗೇರಾದ ನಂತರ ನಾಯಕರ ರಾಜಧಾನಿ ಸುರಪುರದಲ್ಲಿ ನೆಲೆಗೊಂಡಿತು. ಗುಡ್ಡಗಳ ಮರೆಯ ಆ ಊರು ಯುದ್ಧಕ್ಕೆ ಎಷ್ಟು ಒಳ್ಳೆಯದೋ ಗಾಳಿಗೆ ಅಷ್ಟೇ ಕೆಟ್ಟದ್ದು. 1841ರಲ್ಲಿ ಇಲ್ಲಿಗೆ ಬಂದ ಫಿಲಿಪ್ ಮೆಡೋಸ್ ಟೇಲರ್ ಬಾಲಕ ರಾಜ ವೆಂಕಟಪ್ಪ ನಾಯಕನ ಹೆಸರಿನಲ್ಲಿ 1853ರವರೆಗೆ ಆಡಳಿತ ನೋಡಿಕೊಂಡ. ಬೋನಾಳದ ಕೆರೆಯನ್ನು ದೊಡ್ಡದು ಮಾಡಿಸಿದ್ದು, ರಾಜನಕೋಳೂರಿನ ಮೋರ್ಯರ ಮನೆಗಳನ್ನು ಅಳೆದು ಬರೆದದ್ದು ಅವನ ಹೆಸರಿಗಿವೆ. ತನ್ನ ವಾಸಕ್ಕೆ ಅವನು ಆರಿಸಿದ್ದು ಮಾತ್ರ ಪೇಟೆಯ ನಡುವಿನ ಜಾಗವನ್ನಲ್ಲ, ಗುಡ್ಡದ ನೆತ್ತಿಯನ್ನು. ಊರವರು ಇಂದಿಗೂ ಟೇಲರ್ ಮಂಜಿಲ್ ಎನ್ನುವ ಮನೆ ಅದು. ನೋಟದ ಚೆಲುವು ಒಂದು ಕಾರಣ. ಆ ಕಾಲದ ಯುರೋಪಿಯನ್ನರ ತಲೆಯಲ್ಲಿದ್ದ ವಿಜ್ಞಾನ ಇನ್ನೊಂದು. ಕೊಳೆತ ವಸ್ತುಗಳಿಂದ ಏಳುವ ವಿಷಗಾಳಿಯೇ ಕಾಲರಾ, ಜ್ವರಗಳ ಮೂಲ, ಅದು ತಗ್ಗಿನಲ್ಲಿ ನಿಲ್ಲುತ್ತದೆ, ಆದ್ದರಿಂದ ಎತ್ತರದಲ್ಲಿರಬೇಕು ಎಂಬುದು ಅವರ ದೃಢವಾದ ನಂಬಿಕೆ. ಹಿಂದೂಸ್ತಾನದ ಉದ್ದಗಲಕ್ಕೆ ಅವರ ದಂಡಿನ ಊರುಗಳು, ಗಿರಿಧಾಮಗಳು, ಬಂಗಲೆಗಳೆಲ್ಲ ಈ ಒಂದು ನಂಬಿಕೆಯ ಮೇಲೆ ಎದ್ದವು. ಆ ವೆಂಕಟಪ್ಪ ನಾಯಕ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದು ಪ್ರಾಣ ತೆತ್ತದ್ದು, ಸೀಮೆ ನಿಜಾಮರ ಕೈಗೆ ಹೋದದ್ದು ಬೇರೆಯೇ ಕಥೆ.

ವಿಷಗಾಳಿಯ ಆ ನಂಬಿಕೆ ಕನ್ನಡ ನಾಡಿನ ನಗರವೊಂದರ ನಕ್ಷೆಯನ್ನೇ ತಿದ್ದಿದ್ದು ನಲವತ್ತು ವರ್ಷಗಳ ಅನಂತರ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲು ಹಿಡಿದು ದಖ್ಖನ್ನಿಗೆ ಹರಡಿತು. ಹುಬ್ಬಳ್ಳಿಯಲ್ಲಿ ಮನೆಮನೆಯಲ್ಲೂ ಸಾವು. 1898ರ ಆಗಸ್ಟಿನಲ್ಲಿ ಅದು ಬೆಂಗಳೂರಿಗೆ ಇಳಿಯಿತು. ಹಳ್ಳಿಯವರು ತಮಗೆ ಗೊತ್ತಿದ್ದುದನ್ನು ಮಾಡಿದರು: ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು. ಪೇಟೆಯವರು ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಪೇಟೆ 1537ರಲ್ಲಿ ಕೆಂಪೇಗೌಡರು ದೊಡ್ಡಪೇಟೆ ಚಿಕ್ಕಪೇಟೆಗಳ ಚೌಕದಿಂದ ಶುರುಮಾಡಿದ್ದು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಅಕ್ಕಿಪೇಟೆ ಎಂದು ಕಸುಬಿಗೊಂದು ಬೀದಿ. ಕೋಟೆಯೊಳಗಿನ ಊರು ಹೊರಕ್ಕೆ ಬೆಳೆಯಲಾಗದೆ ಒಳಕ್ಕೆ ಬೆಳೆದಿತ್ತು: ಹಿತ್ತಿಲು ಮನೆಯಾಯಿತು, ಅಂಗಳ ಕೋಣೆಯಾಯಿತು. ಮೈಸೂರು ಸಂಸ್ಥಾನದ ವೈದ್ಯರೂ ಎಂಜಿನಿಯರುಗಳೂ ಆ ಓಣಿಗಳನ್ನು ಕಂಡು ತೀರ್ಪು ಕೊಟ್ಟರು: ಬೆಳಕಿಲ್ಲ, ಗಾಳಿಯಿಲ್ಲ, ರೋಗದ ಗೂಡು. ದಿವಾನ ಶೇಷಾದ್ರಿ ಅಯ್ಯರ್ ಅವರ ಸರ್ಕಾರದ ಮುಂದೆ ಹೊಸ ಬಡಾವಣೆಗಳ ಯೋಚನೆ ಮೊದಲೇ ಇತ್ತು. ಚಾಮರಾಜಪೇಟೆ ಆಗಲೇ ಎದ್ದಿತ್ತು. ಪ್ಲೇಗು ಆ ಯೋಚನೆಗೆ ಅವಸರ ತಂದಿತು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ. ನೇರ ಅಗಲ ಬೀದಿಗಳು, ಮನೆಗೂ ಮನೆಗೂ ನಡುವೆ ಗಾಳಿ ಹಾಯುವ ಜಾಗ, ಮುಂದೆ ಹೂದೋಟ, ಬೀದಿಯಂಚಿಗೆ ಮರ. ಹಿಂದೆ ಒಂದು ಸಣ್ಣ ಓಣಿ. ಜನ ಅದನ್ನು ಕನ್ಸರ್ವೆನ್ಸಿ ಎಂದೇ ಕರೆದರು. ಮನೆಯ ಹೊಲಸು ಮುಂಬಾಗಿಲಿನಿಂದ ಹೋಗದೆ ಹಿಂದಿನ ಓಣಿಯಿಂದ ಹೋಗಬೇಕು, ಬೀದಿಯ ಗಾಳಿ ಶುದ್ಧವಾಗಿರಬೇಕು. ಆ ಓಣಿಯಲ್ಲಿ ತಲೆಯ ಮೇಲೆ ಮಲದ ಡಬ್ಬ ಹೊತ್ತು ನಡೆದವರ ಮೂಗಿಗೆ ಯಾವ ಗಾಳಿ ಬಡಿಯುತ್ತಿತ್ತು ಎಂಬ ಪ್ರಶ್ನೆ ಆ ನಕ್ಷೆಯ ಯಾವ ಮೂಲೆಯಲ್ಲೂ ಇರಲಿಲ್ಲ. ನಿವೇಶನಗಳ ಹಂಚಿಕೆಯಲ್ಲಿ ಜಾತಿಗೊಂದು ಭಾಗ ಗೊತ್ತುಮಾಡಿದ್ದೂ ಹಳೆಯ ಊರಿನ ಚಾಳಿಯೇ.

ವಿನೋದವೆಂದರೆ ಈ ಇಡೀ ಕಟ್ಟೋಣದ ತಳದಲ್ಲಿದ್ದ ವಿಜ್ಞಾನ ತಪ್ಪು. ಬೆಂಗಳೂರಿಗೆ ಪ್ಲೇಗು ಬಂದ ಅದೇ 1898ರಲ್ಲಿ ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಂಡ್, ಈ ರೋಗ ಇಲಿಯ ಮೈಯ ಚಿಗಟದಿಂದ ಹರಡುವುದನ್ನು ಪ್ರಯೋಗ ಮಾಡಿ ತೋರಿಸಿದ. ಹತ್ತು ವರ್ಷದ ತನಕ ಬಹುಮಂದಿ ನಂಬಲಿಲ್ಲ. ಗೆಡ್ಡೆಯ ಪ್ಲೇಗಿಗೆ ಗಾಳಿಯ ತಪ್ಪಿರಲಿಲ್ಲ. ಆದರೂ ಗಾಳಿಗೆ ಹೆದರಿ ಬಿಟ್ಟ ಅಗಲ ಬೀದಿಗಳಲ್ಲಿ ಇಲಿಯ ಬಿಲಗಳು ಕಡಿಮೆಯಾದವು, ಒಲೆಯ ಹೊಗೆಗೆ ದಾರಿ ಸಿಕ್ಕಿತು, ಮೂರು ತಲೆಮಾರಿನ ಮಕ್ಕಳು ಮರದ ನೆರಳಲ್ಲಿ ಬೆಳೆದರು. ತಪ್ಪು ಲೆಕ್ಕಕ್ಕೆ ಸರಿ ಉತ್ತರ ಬಂದ ಇಂಥ ಪ್ರಸಂಗ ನಗರಗಳ ಚರಿತ್ರೆಯಲ್ಲಿ ಅಪರೂಪ.

ಆ ಉತ್ತರವೂ ಬಹುಕಾಲ ಸರಿಯಾಗಿ ಉಳಿಯಲಿಲ್ಲ. ಬಸವನಗುಡಿಯವನ ಅಂಗಡಿ ಪೇಟೆಯಲ್ಲೇ ಇತ್ತು. ಮನೆ ದೂರವಾದಷ್ಟೂ ದಾರಿ ಉದ್ದವಾಯಿತು. ಬಡಾವಣೆಯಾಚೆ ಬಡಾವಣೆ ಎದ್ದಿತು. ಜಟಕಾ ಹೋಗಿ ಬಸ್ಸು, ಬಸ್ಸಿನ ಜೊತೆಗೆ ಸ್ಕೂಟರು ಕಾರು ಬಂದವು. ಒಳ್ಳೆಯ ಗಾಳಿಗಾಗಿ ಹರಡಿಕೊಂಡ ಊರು ಹರಡಿಕೊಂಡದ್ದರಿಂದಲೇ ಗಾಳಿ ಕೆಡಿಸಿಕೊಂಡಿತು. ಈಗ ಅಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಗಾಳಿಯ ಸಣ್ಣ ದೂಳಿಗೆ, ಅಂದರೆ ಎರಡೂವರೆ ಮೈಕ್ರಾನಿಗಿಂತ ಕಿರಿಯ ಕಣಕ್ಕೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೊಗ್ರಾಂ. ನಮ್ಮ ದೇಶ 2009ರಲ್ಲಿ ತನಗೆ ತಾನೇ ಹಾಕಿಕೊಂಡ ಮಿತಿ 40. ಮಿತಿಯಲ್ಲೂ ಇಷ್ಟು ಅಂತರವಿದ್ದಾಗ ಓಣಿಯ ಅಗಲ ಅಳೆದು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಯೋಜನವಿದೆ. ಎರಡೂ ಕಡೆ ಎತ್ತರದ ಕಟ್ಟಡಗಳಿರುವ ಇಕ್ಕಟ್ಟಿನ ಬೀದಿಯಲ್ಲಿ ಹೊಗೆ ಸುಳಿಸುಳಿದು ಕೆಳಗೇ ತಿರುಗುತ್ತದೆ. ಮಾಗಿಯ ರಾತ್ರಿ ಹುಣಸಗಿಯ ತಗ್ಗಿನಲ್ಲಿ ಆಗುತ್ತಿದ್ದುದನ್ನೇ ಅಲ್ಲಿ ಕಾಂಕ್ರೀಟು ಹಗಲಿನಲ್ಲೂ ಮಾಡುತ್ತದೆ.

ಇಂಥ ನಗರಗಳಿಗೆ ಕರೆಂಟು ಬೇಕಾಯಿತು. ಹುಣಸಗಿ ಸೀಮೆಯನ್ನು ದಾಟಿ ಕೆಳಗೆ ಹರಿಯುವ ಕೃಷ್ಣೆಯ ದಂಡೆಯ ಮೇಲೆ, ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅದರ ಸಾಮರ್ಥ್ಯ ಬೆಳೆದು 1,720 ಮೆಗಾವಾಟ್ ಆಯಿತು. ಬೆಳಕು ಉರಿಯುವ ಊರು ಒಂದು, ಹೊಗೆ ಏಳುವ ಊರು ಇನ್ನೊಂದು. ಬಳ್ಳಾರಿಯ ಶಾಖೋತ್ಪನ್ನ ಕೇಂದ್ರ ನಿಂತದ್ದು ಕುಡತಿನಿಯಲ್ಲಿ. ಹೊಸಶಿಲಾಯುಗದ ಬೂದಿದಿಬ್ಬಗಳಲ್ಲಿ ಬಲು ಹೆಸರಾದದ್ದೊಂದು ಆ ಕುಡತಿನಿಯದೇ. ನಾಲ್ಕು ಸಾವಿರ ವರ್ಷದ ಹಿಂದೆ ದನಗಾರರು ಬೂದಿ ಗುಡ್ಡೆ ಹಾಕಿದ ಊರಿನಲ್ಲೇ ಇಂದಿನ ಬೂದಿಯನ್ನೂ ಹೊಂಡ ಕಟ್ಟಿ ತುಂಬುತ್ತಿದ್ದಾರೆ.

ಹಳೆಯ ದಿಬ್ಬದ ಬೂದಿಯನ್ನು ರೈತರು ಗಾಡಿ ಹೂಡಿ ಹೊಲಕ್ಕೆ ಹೇರಿದರು. ಅನೇಕ ದಿಬ್ಬಗಳು ಹಾಗೇ ಕರಗಿದವು. ಹೊಸ ಬೂದಿಗೆ ಸರ್ಕಾರ ಬೇರೆ ದಾರಿ ತೋರಿಸಿತು. 1999ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆ, ಶಾಖೋತ್ಪನ್ನ ಕೇಂದ್ರದಿಂದ 50 ಕಿಲೋಮೀಟರ್ ಒಳಗೆ ಇಟ್ಟಿಗೆ ಮಾಡುವವರು ಮಣ್ಣಿಗೆ ಹಾರುಬೂದಿ ಬೆರೆಸಲೇಬೇಕು ಎಂದಿತು. ಸಿಮೆಂಟಿಗೂ ಅದನ್ನು ಬೆರೆಸುತ್ತಾರೆ. ವಾಡಿಯ ಕಾರ್ಖಾನೆಗಳಲ್ಲಿ ಸಿಮೆಂಟಿಗೆಂದು ಸುಡುವುದು ಭೀಮಾ ಕೊಳ್ಳದ ಸುಣ್ಣಗಲ್ಲು, ಇಸಾಂಪುರದ ಮನುಷ್ಯ ಕೈಗೊಡಲಿ ಮಾಡಿದ ಕಲ್ಲಿನ ಒಡಹುಟ್ಟು. ಶಕ್ತಿನಗರದ ಸುತ್ತ ಹಾರುಬೂದಿ ಇಟ್ಟಿಗೆಯ ಘಟಕಗಳು ಎದ್ದಿವೆ. ಇಟ್ಟಿಗೆ ತುಂಬಿದ ಲಾರಿಗಳು ಅಲ್ಲಿಂದ ಹೊಸ ಬಡಾವಣೆಗಳಿಗೆ ಹೊರಡುತ್ತವೆ.